ಎಂಟು ಗಂಟೆಯ ಮಾತ್ರೆ

ಕಳೆದ ವರ್ಷ ಬಂಧುಗಳೊಬ್ಬರ ಮನೆಯ ಮದುವೆ. ಆರತಕ್ಷತೆಯ ಸಂಜೆ, ಛತ್ರದಲ್ಲಿ ಊಟದ ಮೊದಲ ಪಂಕ್ತಿ ಏಳುವ ಹೊತ್ತು. ಕೈತೊಳೆಯುವ ನಲ್ಲಿಗಳ ಬಳಿ ಯುವತಿಯೊಬ್ಬಳು ಗೋಡೆಯ ಕಡೆಗೆ ಮುಖಮಾಡಿ ನಿಂತು, ಸೆರಗಿನ ಮರೆಯಲ್ಲಿ ಏನನ್ನೋ ಬಾಯಿಗೆ ಹಾಕಿಕೊಂಡು ಗಟಗಟನೆ ನೀರು ಕುಡಿದಳು. ಅಭ್ಯಾಸಬಲದಿಂದ ನಾನು ಗಡಿಯಾರ ನೋಡಿದೆ. ಎಂಟು ಗಂಟೆ ಐದು ನಿಮಿಷ. ಅದೇ ನಲ್ಲಿಯ ಬಳಿ ಆಗಷ್ಟೇ ನಾನೂ ನನ್ನ ಮಾತ್ರೆ ನುಂಗಿದ್ದೆ.

ಆಕೆ ದೂರದ ಸಂಬಂಧದಲ್ಲಿ ನನಗೆ ಅಣ್ಣನ ಮಗಳು. ಮದುವೆಯಾಗಿ ಒಂದು ವರ್ಷವಾಗಿತ್ತು. ನನ್ನನ್ನು ಕಂಡು ಮೊದಲು ಗಾಬರಿಯಾದಳು, ಆಮೇಲೆ ಮೆಲುದನಿಯಲ್ಲಿ ‘ಚಿಕ್ಕಪ್ಪ, ನೀವೂ ಎಂಟು ಗಂಟೆಗೇನಾ?’ ಎಂದಳು. ನನ್ನ ಮೂರ್ಛೆರೋಗದ ವಿಚಾರ ಬಂಧುವರ್ಗಕ್ಕೆಲ್ಲ ಗೊತ್ತು. ಗಂಡಸಾದ ನನಗೆ ಅದನ್ನು ಬಚ್ಚಿಡಬೇಕಾದ ಪ್ರಸಂಗ ಹೆಚ್ಚಾಗಿ ಬರಲಿಲ್ಲ. ಆಕೆಯದು ತವರಿನ ಮೂವರಿಗೆ ಮಾತ್ರ ತಿಳಿದ ಸಂಗತಿ. ಮಾತ್ರೆಗಳಿರುವ ಡಬ್ಬಿಯ ಮೇಲೆ ‘ಕ್ಯಾಲ್ಸಿಯಂ’ ಎಂಬ ಚೀಟಿ ಅಂಟಿಸಿದ್ದಾಳಂತೆ. ಅತ್ತೆಯವರು ಎದುರಿಗಿದ್ದ ರಾತ್ರಿಗಳಲ್ಲಿ ಮಾತ್ರೆ ತಪ್ಪುತ್ತದೆ. ಕೂದಲು ಉದುರುತ್ತಿದೆ, ಮೈ ತೂಕ ಏರಿದೆ, ಕಾಫಿ ತಟ್ಟೆ ಹಿಡಿದಾಗ ಕೈ ನಡುಗುತ್ತದೆ. ಹೀಗಾಗಿ ಎಷ್ಟೋ ಸಲ ತಾನೇ ಬೇಕೆಂದು ಮಾತ್ರೆ ಬಿಡುವುದೂ ಉಂಟು. ಇದನ್ನು ವೈದ್ಯರಿಗೆ ಹೇಳಿದ್ದೀಯಾ ಎಂದು ಕೇಳಿದೆ. ‘ಅವರು ಫಿಟ್ಸ್ ಬಂತಾ ಅಂತಷ್ಟೇ ಕೇಳುತ್ತಾರೆ. ಬಂದಿಲ್ಲ ಅಂತೀನಿ’ ಎಂದಳು.

ಮೂರ್ಛೆರೋಗದ ಚಿಕಿತ್ಸೆಯ ಸೋಲೆಲ್ಲ ಈ ಒಂದು ಪ್ರಶ್ನೋತ್ತರದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ರೋಗ ಹತೋಟಿಯಲ್ಲಿದೆಯೇ ಎಂಬುದನ್ನು ಬಂದ ಸೆಳೆತಗಳ ಲೆಕ್ಕದಿಂದ ಅಳೆಯುತ್ತೇವೆ. ಆ ಲೆಕ್ಕವನ್ನು ಸೊನ್ನೆಯಲ್ಲಿಡಲು ರೋಗಿ ಪ್ರತಿದಿನ ತೆರುತ್ತಿರುವ ಬೆಲೆಯನ್ನು ಯಾರೂ ಕೇಳುವುದಿಲ್ಲ. ಕೇಳದೇ ಹೋದಾಗ ಆತ ತನಗೆ ತಾನೇ ವೈದ್ಯನಾಗುತ್ತಾನೆ. ಅರ್ಧ ಮಾತ್ರೆ ಮುರಿಯುತ್ತಾನೆ, ದಿನ ಬಿಟ್ಟು ದಿನ ನುಂಗುತ್ತಾನೆ.

ಹೊತ್ತಿಗೆ ಸರಿಯಾಗಿ ನುಂಗಬೇಕೆಂಬುದು ವೈದ್ಯರ ಮಡಿವಂತಿಕೆಯಲ್ಲ. ಬುಡದಲ್ಲಿ ಸಣ್ಣ ತೂತಿರುವ ಹಂಡೆಯೊಂದನ್ನು ಊಹಿಸಿಕೊಳ್ಳಿ. ಒಂದೇ ಮಟ್ಟದಲ್ಲಿ ನೀರು ನಿಲ್ಲಬೇಕಾದರೆ ಸೋರಿಹೋದಷ್ಟನ್ನು ಹೊತ್ತುಹೊತ್ತಿಗೆ ತುಂಬುತ್ತಿರಬೇಕು. ರಕ್ತದಲ್ಲಿನ ಔಷಧಿಯ ಕಥೆಯೂ ಇದೇ. ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವನ್ನು ಅರ್ಧಾಯು ಎನ್ನುತ್ತಾರೆ. ಹಳೆಯ ಫೀನೋಬಾರ್ಬಿಟಾಲ್‌ಗೆ ಸುಮಾರು ನಾಲ್ಕು ದಿನ ಬೇಕು. ಹಾಗಾಗಿ ರಾತ್ರಿಗೊಂದು ಮಾತ್ರೆ ಸಾಕು, ಒಂದು ಹೊತ್ತು ತಡವಾದರೂ ಅದು ಕ್ಷಮಿಸುತ್ತದೆ. ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಲೆವೆಟಿರಾಸಿಟಮ್‌ಗೆ ವಯಸ್ಕರಲ್ಲಿ ಆರರಿಂದ ಎಂಟು ಗಂಟೆ ಸಾಕು. ಬೆಳಿಗ್ಗೆ ಎಂಟು, ರಾತ್ರಿ ಎಂಟು ಎಂಬ ನನ್ನ ಕಟ್ಟಳೆ ಬಂದದ್ದು ಹೀಗೆ.

ಫೆನಿಟಾಯಿನ್‌ನ ಸ್ವಭಾವ ಇನ್ನೂ ವಿಚಿತ್ರ. ಒಂದು ಮಿತಿಯವರೆಗೆ ಯಕೃತ್ತು ಅದನ್ನು ಕರಗಿಸುತ್ತದೆ, ಆ ಮಿತಿ ದಾಟಿತೆಂದರೆ ಕೈಚೆಲ್ಲುತ್ತದೆ. ದಿನಕ್ಕೆ 300 ಮಿಲಿಗ್ರಾಂ ಸಾಲದೆಂದು 400ಕ್ಕೆ ಏರಿಸಿದರೆ ರಕ್ತದಲ್ಲಿ ಅದರ ಪ್ರಮಾಣ ಮೂರನೇ ಒಂದರಷ್ಟು ಹೆಚ್ಚುವ ಬದಲು ಕೆಲವರಲ್ಲಿ ದುಪ್ಪಟ್ಟನ್ನೂ ಮೀರಬಹುದು. 2001ರಲ್ಲಿ ನನ್ನ ಚಿಕಿತ್ಸೆ ಆರಂಭವಾದದ್ದು ಈ ಔಷಧಿಯಿಂದಲೇ. ಎರಡು ವರ್ಷಗಳ ನಂತರ ಪ್ರಮಾಣ ಏರಿಸಿದ ಹತ್ತು ದಿನಕ್ಕೆ ಬೀದಿಯಲ್ಲಿ ತೂರಾಡತೊಡಗಿದೆ. ಎದುರುಮನೆಯ ಹಿರಿಯರು ‘ಮೇಷ್ಟ್ರು ಇತ್ತೀಚೆಗೆ ಶುರುಮಾಡಿದ್ದಾರೆ’ ಎಂದು ನನ್ನ ಹೆಂಡತಿಗೆ ಅನುಕಂಪದಿಂದ ಹೇಳಿದರಂತೆ. ಒಸಡು ಊದಿಕೊಂಡು ಹಲ್ಲುಗಳ ಮೇಲೆ ಬೆಳೆಯುತ್ತಿರುವುದನ್ನು ಮೊದಲು ಗುರುತಿಸಿದವರು ನರರೋಗ ತಜ್ಞರಲ್ಲ, ಹಲ್ಲಿನ ವೈದ್ಯರು.

ಮಾತ್ರೆ ತಪ್ಪುವುದಕ್ಕೆ ನಮ್ಮ ಬದುಕಿನ ಕ್ರಮದಲ್ಲೇ ನೂರು ದಾರಿಗಳಿವೆ. ಶಿವರಾತ್ರಿಯ ಉಪವಾಸ, ಜಾಗರಣೆ. ಏಕಾದಶಿಯಂದು ಬೆಳಗಿನ ಮಾತ್ರೆಗೆ ಸಲ್ಲುವ ವಿನಾಯಿತಿ. ರಾತ್ರಿ ಬಸ್ಸಿನ ಪ್ರಯಾಣ. ಇವುಗಳಲ್ಲಿ ನಿದ್ದೆಗೇಡೂ ಸೇರಿಕೊಳ್ಳುವುದರಿಂದ ಅಪಾಯ ಇಮ್ಮಡಿಯಾಗುತ್ತದೆ. 2006ರಲ್ಲಿ ಮೌಲ್ಯಮಾಪನಕ್ಕೆಂದು ಹುಬ್ಬಳ್ಳಿಗೆ ಹೊರಟಾಗ ಮಾತ್ರೆಗಳು ಬಸ್ಸಿನ ಡಿಕ್ಕಿಯೊಳಗಿದ್ದ ಸೂಟ್‌ಕೇಸಿನಲ್ಲಿ ಉಳಿದವು. ರಾತ್ರಿಯದು ತಪ್ಪಿತು. ಬೆಳಿಗ್ಗೆ ಇಳಿದವನು ಕಾಫಿ ಕುಡಿದು ನುಂಗಿದರಾಯಿತು ಎಂದುಕೊಂಡೆ. ಕಣ್ಣುಬಿಟ್ಟಾಗ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲಿದ್ದೆ. ನಾಲಿಗೆ ಕಚ್ಚಿ ಬಾಯ್ತುಂಬ ರಕ್ತ, ಬಲಗೈಯಲ್ಲಿ ಯಾರದೋ ಬೀಗದ ಕೈಗೊಂಚಲು. ಕಬ್ಬಿಣ ಹಿಡಿಸಿದರೆ ಮೂರ್ಛೆ ನಿಲ್ಲುತ್ತದೆ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಸೆಳೆತ ಬಹುಮಟ್ಟಿಗೆ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಆದರೆ ತನ್ನ ಮನೆಯ ಬೀಗದ ಕೈಯನ್ನೇ ಕೊಟ್ಟು ಬಸ್ ಹತ್ತಿ ಹೋದ ಆ ಪುಣ್ಯಾತ್ಮನನ್ನು ನೆನೆದರೆ ಇಂದಿಗೂ ಕಸಿವಿಸಿಯಾಗುತ್ತದೆ.

ಮಾತ್ರೆಯ ಉಪಟಳದ ಇತಿಹಾಸ ಮಾತ್ರೆಯಷ್ಟೇ ಹಳೆಯದು. ಚಾರ್ಲ್ಸ್ ಲೋಕಾಕ್ ಎಂಬ ಇಂಗ್ಲಿಷ್ ವೈದ್ಯ 1857ರಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಬಳಕೆಯನ್ನು ಪ್ರಸ್ತಾಪಿಸಿದ. ಅದು ಸೆಳೆತವನ್ನು ತಗ್ಗಿಸಿತು. ರೋಗಿಗಳನ್ನು ಮಂಕು ಮಾಡಿತು, ಮುಖದ ತುಂಬ ಗುಳ್ಳೆ ಎಬ್ಬಿಸಿತು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಫೀನೋಬಾರ್ಬಿಟಾಲ್‌ನ ಗುಣವನ್ನು ಗುರುತಿಸಿದ, ಅದರಿಂದ ತೂಕಡಿಕೆ. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನ್ ತಂದರು. ತೂಕಡಿಸದೆಯೂ ಸೆಳೆತ ತಡೆಯಬಹುದೆಂಬ ಭರವಸೆ ಮೂಡಿದ್ದು ಆಗ. ಅಲ್ಲಿಂದೀಚೆಗೆ ಬಂದ ಔಷಧಿಗಳು ಹಲವು. ಪ್ರತಿಯೊಂದೂ ಹಿಂದಿನದರ ಒಂದು ಕಾಟವನ್ನು ಕಳೆದು ತನ್ನದೊಂದನ್ನು ಕೂಡಿಸಿತು.

ನನಗೆ 2008ರಲ್ಲಿ ಟೋಪಿರಮೇಟ್ ಸೇರಿಸಿದರು. ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತಿತ್ತು. ಅದನ್ನು ಸಹಿಸಬಹುದಿತ್ತು. ಆದರೆ ಮಾತು ಕಳೆದುಹೋಗುವುದನ್ನು ಸಹಿಸುವುದು ಹೇಗೆ? ನಾನು ಕನ್ನಡ ಕಲಿಸುವವನು. ಒಂದು ದಿನ ತರಗತಿಯಲ್ಲಿ ಸಮಾಸಗಳನ್ನು ಹೇಳುತ್ತ ‘ಬಹುವ್ರೀಹಿ’ ಎಂಬ ಪದ ನಾಲಿಗೆಯ ತುದಿಯಲ್ಲೇ ನಿಂತುಬಿಟ್ಟಿತು. ಲಕ್ಷಣ ಗೊತ್ತು, ಉದಾಹರಣೆ ಗೊತ್ತು, ಹೆಸರು ಮಾತ್ರ ಬರಲೊಲ್ಲದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿಕೊಟ್ಟಳು. ವಯಸ್ಸಾಯಿತೆಂದುಕೊಂಡೆ. ಮೂವತ್ತರ ಆಸುಪಾಸಿನ ವಯಸ್ಸು! ಪದಗಳು ಹೊಳೆಯದಿರುವುದು ಆ ಔಷಧಿಯ ಚೆನ್ನಾಗಿ ದಾಖಲಾದ ಅಡ್ಡಪರಿಣಾಮವೆಂದು ತಿಳಿದದ್ದು ಎರಡು ವರ್ಷಗಳ ಮೇಲೆ.

2013ರಲ್ಲಿ ಅದನ್ನು ಬಿಡಿಸಿ ಲೆವೆಟಿರಾಸಿಟಮ್ ಕೊಟ್ಟಾಗ ಪದಗಳು ಮರಳಿದವು, ಜೊತೆಗೆ ಸಿಟ್ಟು ಬಂತು. ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಸರಿಸಿ ಎದ್ದುಹೋದ ದಿನ ಮಗಳು ಅಳುತ್ತ ಕುಳಿತಿದ್ದಳು. ಇದು ನನ್ನ ಗುಣವೋ ಮಾತ್ರೆಯ ಗುಣವೋ ಎಂದು ನಿರ್ಧರಿಸಲಾಗದ ಸ್ಥಿತಿ ನಿಜಕ್ಕೂ ಭಯಾನಕ. ಹೆಂಡತಿ ಕ್ಯಾಲೆಂಡರಿನಲ್ಲಿ ಮಾತ್ರೆಯ ಪ್ರಮಾಣ ಏರಿದ ದಿನವನ್ನೂ ನಾನು ರೇಗಿದ ದಿನಗಳನ್ನೂ ಗುರುತು ಹಾಕಿಟ್ಟಿದ್ದಳು. ಅದನ್ನು ವೈದ್ಯರ ಮೇಜಿನ ಮೇಲೆ ಹರಡಿದಾಗ ಅವರು ಎರಡು ನಿಮಿಷ ಮೌನವಾಗಿ ನೋಡಿ ಪ್ರಮಾಣ ಇಳಿಸಿದರು. ಸಿಟ್ಟು ಪೂರ್ತಿ ಹೋಗಿಲ್ಲ. ಉಳಿದದ್ದು ನನ್ನದೇ ಇರಬೇಕು.

ಹಾಗೆಂದು ವೈದ್ಯರನ್ನು ದೂರಿ ಕೂರುವಂತಿಲ್ಲ. ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಸಿಗುವುದು ಮೂರೋ ನಾಲ್ಕೋ ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಮಂದಿಗೆ ಈ ರೋಗವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ಶೇ 70ರಷ್ಟು ಮಂದಿ ಸೆಳೆತವಿಲ್ಲದೆ ಬದುಕಬಹುದು. ಬಡ ದೇಶಗಳಲ್ಲಿ ಮುಕ್ಕಾಲು ಪಾಲು ಜನರಿಗೆ ಆ ಚಿಕಿತ್ಸೆಯೇ ಸಿಗುವುದಿಲ್ಲ. ಮಾತ್ರೆಯೇ ಸಿಗದವರ ನಡುವೆ ಅಡ್ಡಪರಿಣಾಮದ ಮಾತು ಐಷಾರಾಮವಲ್ಲವೇ ಎಂದು ಕೇಳಬಹುದು. ಅಲ್ಲ. ಮಾತ್ರೆ ಸಿಕ್ಕವರು ಅದನ್ನು ಬಿಡುವುದಕ್ಕೆ ಈ ಉಪಟಳವೂ ಒಂದು ಕಾರಣ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಾಡಿನಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಎರಡು ಅಗ್ಗದ ಹಳೆಯ ಔಷಧಿಗಳಿಂದಲೇ ಹಳ್ಳಿಗರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿತು. ಆದರೆ ಅಗ್ಗದ ಮಾತ್ರೆಯಾದರೂ ವರ್ಷಗಟ್ಟಲೆ ತಪ್ಪದೆ ನುಂಗಬೇಕು. ನುಂಗುವವನ ಹಿಂದೆ ವಿಚಾರಿಸುವವರೊಬ್ಬರು ಬೇಕು.

ಬದುಕಿಗೆ ತಕ್ಕಂತೆ ಮಾತ್ರೆಯ ಹೊತ್ತನ್ನು ಹೊಂದಿಸಿದ ನಿದರ್ಶನವೂ ನಮ್ಮಲ್ಲೇ ಇದೆ. ಸುಡುಸುಡುವ ನೀರನ್ನು ಚೊಂಬಿನಿಂದ ತಲೆಯ ಮೇಲೆ ಒಂದೇ ಸಮನೆ ಸುರಿದುಕೊಳ್ಳುವಾಗ ಬರುವ ಬಿಸಿನೀರಿನ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಡಾ. ಮಣಿ ಅವರೂ ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರೂ ಇದನ್ನು ಅಭ್ಯಾಸ ಮಾಡಿದ್ದಾರೆ. ಇಂಥವರಲ್ಲಿ ಹಲವರಿಗೆ ದಿನನಿತ್ಯದ ಮಾತ್ರೆ ಬೇಕಿಲ್ಲ. ನೀರಿನ ಬಿಸಿ ತಗ್ಗಿಸಬೇಕು. ಅದು ಸಾಲದಾದರೆ ಎಣ್ಣೆಸ್ನಾನದ ದಿನ ತಲೆಗೆ ನೀರು ಹಾಕಿಕೊಳ್ಳುವ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಕೊಡುತ್ತಾರೆ. ರೋಗಿ ಯಾವಾಗ, ಹೇಗೆ ಸ್ನಾನ ಮಾಡುತ್ತಾನೆಂದು ಕೇಳಿದ್ದರಿಂದ ದೊರೆತ ಪರಿಹಾರವಿದು.

ಇನ್ನು ಆ ಹುಡುಗಿಯ ವಿಷಯ. ಆಕೆಯ ಪರ್ಸಿನಲ್ಲಿದ್ದ ಮಾತ್ರೆಯ ಹಾಳೆಯ ಮೇಲೆ ಸೋಡಿಯಂ ವಾಲ್ಪ್ರೋಯೇಟ್ ಎಂದಿತ್ತು. ಕೂದಲು, ತೂಕ, ಕೈನಡುಕ ಮೂರೂ ಅದರ ಗುರುತುಗಳು. ‘ವಿಶೇಷ ಏನೂ ಇಲ್ಲವೇ?’ ಎಂದು ಅತ್ತೆಯ ಕಡೆಯವರು ಆಗಲೇ ಕೇಳತೊಡಗಿದ್ದರಂತೆ. ನನಗೆ ದಿಗಿಲಾದದ್ದು ಇದಕ್ಕೆ. ಗರ್ಭಿಣಿ ಈ ಔಷಧಿ ಸೇವಿಸುತ್ತಿದ್ದರೆ ನೂರು ಶಿಶುಗಳಲ್ಲಿ ಸುಮಾರು ಹತ್ತಕ್ಕೆ ಬೆನ್ನುಹುರಿ, ಹೃದಯ ಮೊದಲಾದೆಡೆ ಜನ್ಮಜಾತ ನ್ಯೂನತೆ ಉಂಟಾಗಬಹುದು. ಮೂವತ್ತರಿಂದ ನಲವತ್ತು ಮಕ್ಕಳಲ್ಲಿ ಮಾತು, ಕಲಿಕೆ, ಬುದ್ಧಿಯ ಬೆಳವಣಿಗೆ ಕುಂಠಿತವಾಗಬಹುದು. ಬ್ರಿಟನ್ 2018ರಲ್ಲಿ ಗರ್ಭ ತಡೆಯುವ ವಿಶೇಷ ಏರ್ಪಾಡಿಲ್ಲದೆ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡಕೂಡದೆಂದು ನಿಯಮ ಮಾಡಿತು. ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಮ್‌ಗಳಲ್ಲಿ ಈ ಅಪಾಯ ಬಹಳ ಕಡಿಮೆ. ಆದರೆ ಲ್ಯಾಮೋಟ್ರಿಜಿನ್ ಪ್ರಮಾಣವನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು, ಅವಸರಿಸಿದರೆ ಚರ್ಮದ ತೀವ್ರ ಪ್ರತಿಕ್ರಿಯೆಯಾಗಬಹುದು. ಅಂದರೆ ಬದಲಾವಣೆ ಗರ್ಭ ನಿಲ್ಲುವ ಎಷ್ಟೋ ತಿಂಗಳ ಮೊದಲೇ ಆಗಬೇಕು. ಇದನ್ನೆಲ್ಲ ಓದಿ ಹೆದರಿ ಯಾರೂ ನಾಳೆಯೇ ಮಾತ್ರೆ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಬಿಡದೆ ಮರುಕಳಿಸುವ ಸೆಳೆತದಿಂದ ಪ್ರಾಣಕ್ಕೇ ಕುತ್ತು ಬರಬಹುದು. ಯಾರಿಗೂ ಹೇಳದೆ ಆಕೆ ರಾತ್ರಿಯ ಮಾತ್ರೆ ತಪ್ಪಿಸುತ್ತಿದ್ದುದು ಅಂಥ ಅಪಾಯದ ಅಂಚಿನಲ್ಲಿ.

ಕಾನೂನು ಈ ಹೆಣ್ಣುಮಕ್ಕಳ ಪರವಾಗಿಯೇ ಇದೆ. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಮದುವೆಗೆ ಅಡ್ಡಿಯೆಂದು ಹೆಸರಿಸಲಾಗಿದ್ದ ಮೂರ್ಛೆರೋಗವನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಕಾಯ್ದೆಯಿಂದ ಹೋದದ್ದು ಜಾತಕ ನೋಡುವವರ ಮನಸ್ಸಿನಿಂದ ಹೋಗಿಲ್ಲ. ಆದ್ದರಿಂದಲೇ ಚಿಕಿತ್ಸೆಯಿಂದ ಗುಣಮುಖಳಾಗಬಲ್ಲ ಹುಡುಗಿ ನಲ್ಲಿಯ ಬಳಿ ಗೋಡೆಗೆ ಮುಖಮಾಡಿ ನಿಲ್ಲುತ್ತಾಳೆ.

ಎಲ್ಲರೂ ಕೊನೆಗೆ ಕೇಳುವುದು ಒಂದೇ: ಮಾತ್ರೆ ನಿಲ್ಲಿಸುವುದು ಯಾವಾಗ? ಎರಡು ವರ್ಷವಾದರೂ ಸೆಳೆತ ಬರದಿದ್ದವರ ಮೇಲೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಔಷಧಿಯನ್ನು ನಿಧಾನವಾಗಿ ಬಿಟ್ಟವರಲ್ಲಿ ಮುಂದಿನ ಎರಡು ವರ್ಷ ಸೆಳೆತವಿಲ್ಲದೆ ಉಳಿದವರು ಶೇ 59. ಮುಂದುವರಿಸಿದವರಲ್ಲಿ ಶೇ 78. ಈ ಅಂಕಿಗಳನ್ನು ಅವರವರ ಬದುಕಿನ ತಕ್ಕಡಿಯಲ್ಲೇ ತೂಗಬೇಕು. ನನ್ನ ವೈದ್ಯರು ಆಯ್ಕೆಯನ್ನು ನನಗೇ ಬಿಟ್ಟರು. ಹುಬ್ಬಳ್ಳಿಯ ಕಲ್ಲುಬೆಂಚನ್ನು ನೆನೆದು ಮುಂದುವರಿಸುತ್ತಿದ್ದೇನೆ.

ಆ ಹುಡುಗಿ ಮದುವೆಯಾದ ಮೂರು ವಾರಕ್ಕೆ ಫೋನ್ ಮಾಡಿದ್ದಳು. ಗಂಡನಿಗೆ ಹೇಳಿದಳಂತೆ. ಆತ ಒಂದು ದಿನ ಮಾತನಾಡಲಿಲ್ಲ, ಮರುದಿನ ಆಸ್ಪತ್ರೆಗೆ ತಾನೇ ಜೊತೆಗೆ ಬಂದ. ಕೂದಲು, ನಡುಕ, ತಪ್ಪಿದ ಮಾತ್ರೆಗಳು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಂತೆ. ಔಷಧಿ ಬದಲಾಗುತ್ತಿದೆ, ಹೊಸದು ಏರುತ್ತ ಹಳೆಯದು ಇಳಿಯುತ್ತ ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಅದುವರೆಗೆ ಮಗುವಿನ ಯೋಚನೆ ಬೇಡವೆಂದಿದ್ದಾರೆ, ಫೋಲಿಕ್ ಆಸಿಡ್ ಬರೆದುಕೊಟ್ಟಿದ್ದಾರೆ. ‘ಅತ್ತೆಯವರಿಗೆ?’ ಎಂದೆ. ‘ಇನ್ನೂ ಇಲ್ಲ ಚಿಕ್ಕಪ್ಪ. ಡಬ್ಬಿಯ ಮೇಲೆ ಕ್ಯಾಲ್ಸಿಯಂ ಅಂತಲೇ ಇದೆ. ಎಂಟು ಗಂಟೆಗೆ ಇವರೇ ನೀರು ತಂದುಕೊಡುತ್ತಾರೆ.’