ಮಿತಿಯೊಳಗಿನ ಮೇಲ್ಮೆ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಅರಿಯದ ಗೃಹಸ್ಥರಿಲ್ಲ. ಆದರೆ ಆ ಹಾಸಿಗೆಯಲ್ಲಿಯೇ ಎಲ್ಲಕ್ಕಿಂತ ಸುಖವಾಗಿ ಮಲಗುವ ಬಗೆಯನ್ನು ಲೆಕ್ಕಹಾಕಿ ತೋರಿಸುವ ಶಾಸ್ತ್ರವೊಂದುಂಟೆಂಬುದನ್ನು ಬಲ್ಲವರು ವಿರಳ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು. ಸಂಸ್ಕೃತದ ‘ತಮ’ ಪ್ರತ್ಯಯವನ್ನು ಹಚ್ಚಿ ನಾವಿದನ್ನು ‘ಅನುಕೂಲತಮ ಶಾಸ್ತ್ರ’ವೆನ್ನಬಹುದು. ನೆಲ, ನೀರು, ಹಣ, ಆಳು, ಹೊತ್ತು ಇವೆಲ್ಲ ಮಿತವಾಗಿರುವಾಗ, ಇದ್ದುದರಲ್ಲಿ ಅತ್ಯಂತ ಮೇಲಾದ ಫಲದ ಹಾದಿಯನ್ನು ಹುಡುಕುವುದೇ ಇದರ ಕೆಲಸ.

ಅಂಕಲಿಯಂತಹ ಕೃಷ್ಣಾತೀರದ ಕಬ್ಬಿನ ಊರಿನವರಿಗೆ ಈ ಚಿಂತೆ ಹೊಸದಲ್ಲ. ಕಡಿದ ಕಬ್ಬು ತಡವಾದಷ್ಟೂ ಸಕ್ಕರೆಯ ಅಂಶವನ್ನು ಕಳೆದುಕೊಳ್ಳುತ್ತದೆ. ಕಾರಖಾನೆಯು ದಿನಕ್ಕೆ ಅರೆಯಬಲ್ಲುದು ಇಂತಿಷ್ಟೇ. ಹಾಗಾದರೆ ಯಾರ ಹೊಲದ ಕಡಿತ ಮೊದಲು, ಯಾರದು ಆಮೇಲೆ? ನೀರಿನ ವಿಷಯದಲ್ಲಿ ಇಂತಹುದೇ ತೊಡಕನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುಣೆಯ ಕಡೆಯ ನೀರಾ ಕಾಲುವೆಯಲ್ಲಿ ಬಿಡಿಸಬೇಕಾಯಿತು. ಕೆಲವರು ಕಬ್ಬಿಗೆ ಯಥೇಚ್ಛವಾಗಿ ನೀರು ಹಾಯಿಸುತ್ತಿದ್ದರು, ಮಿಕ್ಕವರಿಗೆ ಸಾಲುತ್ತಿರಲಿಲ್ಲ. ವಿಶ್ವೇಶ್ವರಯ್ಯನವರ ‘ಬ್ಲಾಕ್ ಪದ್ಧತಿ’ಯಲ್ಲಿ ನೀರಾವರಿಯ ನೆಲವನ್ನು ವಿಭಾಗಗಳಾಗಿ ಮಾಡಿ, ಪ್ರತಿಯೊಂದರ ಒಂದು ಪಾಲಿನಲ್ಲಿ ಮಾತ್ರ ಕಬ್ಬು, ಉಳಿದುದರಲ್ಲಿ ಕಡಿಮೆ ನೀರಿನ ಬೆಳೆ, ವರ್ಷ ವರ್ಷಕ್ಕೆ ಸರದಿ ಎಂದು ಗೊತ್ತುಪಡಿಸಲಾಯಿತು. ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟಬೇಕೆಂಬುದು ಅಲ್ಲಿಯ ಗುರಿ. ಆ ಮಹನೀಯರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯವು ೧೯೯೮ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಸ್ಥಾಪಿತವಾಯಿತು.

ವಿಶ್ವೇಶ್ವರಯ್ಯನವರು ವಿವೇಕದಿಂದ ಸಾಧಿಸಿದಂತಹ ಹಂಚಿಕೆಯನ್ನು ಗಣಿತದ ಕಟ್ಟಿಗೆ ತಂದವರಲ್ಲಿ ಇಬ್ಬರು ಮುಖ್ಯರು: ೧೯೩೯ರಲ್ಲಿ ರಶಿಯಾದ ಕಾಂಟೊರೊವಿಚ್, ೧೯೪೭ರಲ್ಲಿ ಅಮೇರಿಕದ ಜಾರ್ಜ್ ಡ್ಯಾಂಟ್ಜಿಗ್. ಎರಡನೆಯವರ ಜೀವನವೃತ್ತವು ವಿದ್ಯಾರ್ಥಿಗಳಿರುವ ಪ್ರತಿ ಮನೆಯವರೂ ಕೇಳತಕ್ಕಂತಹುದು.

ಡ್ಯಾಂಟ್ಜಿಗ್‌ರು ಹುಟ್ಟಿದ್ದು ೧೯೧೪ರಲ್ಲಿ. ಗಣಿತಜ್ಞನಾದ ತಂದೆಯು ಮಗನಿಗೆ ರೇಖಾಗಣಿತದ ಸಾವಿರಾರು ಲೆಕ್ಕಗಳನ್ನು ಕೊಟ್ಟು ಬಿಡಿಸಲು ಹಚ್ಚಿದನು. ೧೯೩೯ರಲ್ಲಿ ಬರ್ಕಲಿಯಲ್ಲಿ ಓದುತ್ತಿದ್ದಾಗ ತರುಣನು ಒಂದು ದಿನ ತರಗತಿಗೆ ತಡವಾಗಿ ಹೋದನು. ಹಲಗೆಯ ಮೇಲಿದ್ದ ಎರಡು ಪ್ರಶ್ನೆಗಳನ್ನು ಮನೆಪಾಠವೆಂದು ಬರೆದುಕೊಂಡು, ಕೆಲವು ದಿನಗಳಲ್ಲಿ ಬಿಡಿಸಿ, ವಿಳಂಬಕ್ಕಾಗಿ ಕ್ಷಮೆ ಬೇಡಿ ಗುರುಗಳಿಗೆ ಒಪ್ಪಿಸಿದನು. ಅವು ಅದುವರೆಗೆ ಯಾರೂ ಬಿಡಿಸದ ಪ್ರಶ್ನೆಗಳಾಗಿದ್ದುವು!

ಯುದ್ಧಕಾಲದಲ್ಲಿ ಅವರು ವಾಯುಸೇನೆಯ ಅಂಕಿಅಂಶಗಳ ವಿಭಾಗದಲ್ಲಿದ್ದರು. ಜನರನ್ನೂ ಸಾಮಗ್ರಿಯನ್ನೂ ಹೊತ್ತಿಗೆ ಸರಿಯಾಗಿ ಹಂಚುವ ತೊಡಕನ್ನು ಕಣ್ಣಾರೆ ಕಂಡವರು. ೭೦ ಮಂದಿಗೆ ೭೦ ಕೆಲಸಗಳನ್ನು ಹಂಚುವ ರೀತಿಗಳೆಷ್ಟು? ಒಂದರ ಮುಂದೆ ನೂರು ಸೊನ್ನೆಗಳನ್ನಿಟ್ಟರೂ ಆ ಸಂಖ್ಯೆಗೆ ಸಾಲದು. ಒಂದೊಂದನ್ನೇ ನೋಡುತ್ತ ಕುಳಿತರೆ ಯುಗಗಳೇ ಕಳೆಯುವುವು. ಡ್ಯಾಂಟ್ಜಿಗ್‌ರ ‘ಸಿಂಪ್ಲೆಕ್ಸ್’ ವಿಧಾನವು ಎಲ್ಲ ಮಿತಿಗಳನ್ನೂ ಸೇರಿಸಿ ಅನೇಕ ಮೂಲೆಗಳುಳ್ಳ ಒಂದು ಆಕೃತಿಯನ್ನಾಗಿ ಭಾವಿಸುತ್ತದೆ. ಒಂದು ಮೂಲೆಯಿಂದ ಅದಕ್ಕಿಂತ ಲೇಸಾದ ಪಕ್ಕದ ಮೂಲೆಗೆ ನಡೆಯುತ್ತ, ಇನ್ನು ಲೇಸಾದುದಿಲ್ಲವೆಂಬಲ್ಲಿ ನಿಲ್ಲುತ್ತದೆ. ೧೯೬೦ರಲ್ಲಿ ಬರ್ಕಲಿಯಲ್ಲಿ, ೧೯೬೬ರಿಂದ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿ ಅನೇಕ ಶಿಷ್ಯರನ್ನು ಬೆಳೆಸಿದರು. ೧೯೭೫ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಕಾಂಟೊರೊವಿಚ್ ಮತ್ತು ಕೂಪ್‌ಮನ್ಸ್ ಇವರಿಗೆ ಬಂದಿತು, ಡ್ಯಾಂಟ್ಜಿಗ್‌ರಿಗೆ ಬರಲಿಲ್ಲ. ೨೦೦೫ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಗೃಹಿಣಿಯರು ನಗುತ್ತ ಓದಬಹುದಾದ ಕಥೆಯೊಂದು ಇಲ್ಲಿದೆ. ಕಡಿಮೆ ಖರ್ಚಿನಲ್ಲಿ ದೇಹಕ್ಕೆ ಬೇಕಾದ ಸತ್ತ್ವಗಳೆಲ್ಲ ದೊರೆಯುವ ಆಹಾರ ಯಾವುದೆಂಬ ಪ್ರಶ್ನೆಯಲ್ಲಿ ೧೯೪೭ರಲ್ಲಿ ಈ ವಿಧಾನವನ್ನು ಪರೀಕ್ಷಿಸಿದರು. ೭೭ ಪದಾರ್ಥಗಳು, ೯ ಸತ್ತ್ವಗಳು. ಕೈಯಂತ್ರಗಳ ಮೇಲೆ ಲೆಕ್ಕಮಾಡಲು ಒಬ್ಬನ ೧೨೦ ದಿನಗಳಷ್ಟು ದುಡಿಮೆ ಹಿಡಿಯಿತು. ಮುಂದೆ ಡ್ಯಾಂಟ್ಜಿಗ್‌ರಿಗೆ ವೈದ್ಯರು ಮೈಯಿಳಿಸಲು ಹೇಳಿದಾಗ, ಹೊಟ್ಟೆ ತುಂಬಿದಂತಿರುವ ಮಿತಾಹಾರವನ್ನು ಗಣಕಯಂತ್ರದಿಂದಲೇ ಗೊತ್ತುಮಾಡಲು ಹೊರಟರು. ಯಂತ್ರವು ದಿನಕ್ಕೆ ೫೦೦ ಗ್ಯಾಲನ್ ವಿನೆಗರ್ ಕುಡಿಯಲು ಹೇಳಿತು! ಅದನ್ನು ತೆಗೆದುಹಾಕಿದರೆ ಮಾಂಸರಸದ ಒಣಗುಳಿಗೆ ೨೦೦. ಅದಕ್ಕೆ ಮಿತಿಯಿಟ್ಟರೆ ತೌಡು. ತೌಡಿಗೂ ಮಿತಿಯಿಟ್ಟರೆ ಕಾಕಂಬಿ. ಕೊನೆಗೆ ಹೆಂಡತಿ ಆ್ಯನ್ ತಾನೇ ಪಥ್ಯವನ್ನು ಗೊತ್ತುಮಾಡಿ ಉಣಬಡಿಸಿದಳು. ಪತಿಯ ತೂಕ ೨೨ ಪೌಂಡು ಇಳಿಯಿತು.

ಯಂತ್ರದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮನುಷ್ಯನು ಎಷ್ಟು ವಿನೆಗರ್ ಕುಡಿಯಬಲ್ಲನೆಂಬ ಮಿತಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ. ನೀರಾ ಕಾಲುವೆಯ ನೀರಿನಲ್ಲಿಯೂ ಇದೇ ಮಾತು: ಅತಿ ಹೆಚ್ಚು ಕಬ್ಬು ಬೇಕೆಂದರೆ ಉತ್ತರ ಒಂದು, ಎಲ್ಲ ಹಳ್ಳಿಗೂ ನೀರು ಬೇಕೆಂದರೆ ಉತ್ತರ ಬೇರೆ. ದಾರಿಯನ್ನು ಗಣಿತವು ತೋರಿಸಬಲ್ಲುದು. ಹೋಗಬೇಕಾದ ಊರನ್ನು ನಾವೇ ಹೇಳಬೇಕು. ಈ ಶಾಸ್ತ್ರವನ್ನು ಕಲಿಯುತ್ತಿರುವ ನಮ್ಮ ಮಕ್ಕಳು ರಜೆಗೆ ಊರಿಗೆ ಬಂದಾಗ, ಹೊಲದ ಒಡ್ಡಿನ ಮೇಲೂ ಅಡಿಗೆಯ ಮನೆಯಲ್ಲಿಯೂ ಕೆಲಹೊತ್ತು ಕುಳಿತು, ಅಲ್ಲಿಯ ಮಿತಿಗಳನ್ನು ಬಲ್ಲವರಿಂದ ಕೇಳಿಕೊಳ್ಳಲಿ.