ಎಲೆಕ್ಟ್ರಿಕ್ ಗಿಟಾರ್: ಮರಕ್ಕಿಂತ ಮೊದಲು ನೆಕ್ ನೋಡಿ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಆಮೇಲೆ ಚೀಟಿಯಲ್ಲಿ ಬರೆದ ಮರದ ಹೆಸರು: ಆಲ್ಡರ್, ಮಹಾಗನಿ, ಮೇಪಲ್, ರೋಸ್‌ವುಡ್. ಅಂಗಡಿಯವರೂ ಮಾತು ಶುರುಮಾಡುವುದು ಅಲ್ಲಿಂದಲೇ: ‘ಮಹಾಗನಿ ಸರ್, ಸೌಂಡ್ ತುಂಬಾ ವಾರ್ಮ್.’ ನನ್ನ ಪ್ರಕಾರ ಆಯ್ಕೆಯ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಎಡಗೈ ಹಿಡಿಯುವ ನೆಕ್, ನಂತರ ಪಿಕಪ್, ಮರ ಕೊನೆಗೆ. ಬಣ್ಣದ ಮಾತು ಬೇರೆ. ನೋಡಿದರೆ ಎತ್ತಿಕೊಳ್ಳಬೇಕು ಅನ್ನಿಸುವ ಗಿಟಾರ್ ದಿನಾ ಕೈಗೆ ಬರುತ್ತದೆ, ಅದೇನೂ ಸಣ್ಣ ಲಾಭವಲ್ಲ.

ಮರ ಯಾಕೆ ಕೊನೆಗೆ? ಸದ್ದು ಎಲ್ಲಿ ಹುಟ್ಟುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ವೀಣೆಯಲ್ಲಿ ತಂತಿಯ ಕಂಪನ ಕುದುರೆಯ ಮೂಲಕ ಹಲಸಿನ ಕೊಡಕ್ಕೆ ಇಳಿಯುತ್ತದೆ. ಮರವೇ ನಡುಗಿ ಗಾಳಿಯನ್ನು ಅಲುಗಿಸುತ್ತದೆ. ಅಲ್ಲಿ ಮರ ಬದಲಾದರೆ ನಾದವೇ ಬದಲು. ಎಲೆಕ್ಟ್ರಿಕ್ ಗಿಟಾರಿನ ಬಾಡಿಯಾದರೋ ಗಟ್ಟಿ ಹಲಗೆ. ತಂತಿಗಳ ಕೆಳಗೆ ಕೂತ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ ಅದನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ಮರಕ್ಕೆ ಇಲ್ಲಿ ಒಂದೇ ದಾರಿ: ತಂತಿಯ ಕಂಪನವನ್ನು ತುಸು ಹೀರಿಕೊಳ್ಳುವುದು. ನೆಕ್‌ನ ಒಂದೆರಡು ಜಾಗದಲ್ಲಿ ಸ್ವರ ಬೇಗ ಸಾಯುವುದು ಇದರಿಂದಲೇ. ಪರಿಣಾಮ ಇಲ್ಲವೆಂದಲ್ಲ, ಆದರೆ ಚೀಟಿ ಹೇಳುವಷ್ಟು ಇಲ್ಲ.

ಇತಿಹಾಸವೂ ಇದಕ್ಕೇ ಸಾಕ್ಷಿ ಹೇಳುತ್ತದೆ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರಿನ ಬಾಡಿ ಮೊದಲು ಆ್ಯಶ್ ಮರದ್ದು. 1956ರ ಹೊತ್ತಿಗೆ ಕಂಪನಿ ಹೆಚ್ಚಾಗಿ ಆಲ್ಡರ್ ಬಳಸತೊಡಗಿತು. ಆ್ಯಶ್‌ನ ರಂಧ್ರಗಳನ್ನು ತುಂಬಿ ಬಣ್ಣ ಹೊಡೆಯುವುದು ರಗಳೆ, ಆಲ್ಡರ್ ಮೇಲೆ ಬಣ್ಣ ಸುಲಭವಾಗಿ ಕೂರುತ್ತದೆ. ಡೇನ್‌ಎಲೆಕ್ಟ್ರೋ ಗಿಟಾರುಗಳನ್ನು ಮಾಡಿದ್ದು ಹಾರ್ಡ್‌ಬೋರ್ಡಿನಲ್ಲಿ, ಅದನ್ನು ನುಡಿಸಿದವರಲ್ಲಿ ಜಿಮ್ಮಿ ಪೇಜ್ ಒಬ್ಬ. ಕ್ವೀನ್ ತಂಡದ ಬ್ರಯಾನ್ ಮೇ ಹುಡುಗನಾಗಿದ್ದಾಗ ತಂದೆಯೊಡನೆ ಸೇರಿ ಮಾಡಿದ ಗಿಟಾರಿನ ನೆಕ್, ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ. ಬಾಸ್‌ವುಡ್ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಜೋ ಸಾಟ್ರಿಯಾನಿಯ ಹೆಸರಿನ ಹಲವು ಐಬನೇಜ್‌ಗಳು ಬಾಸ್‌ವುಡ್‌ನವು. ನ್ಯಾಶ್‌ವಿಲ್‌ನ ಗಿಟಾರ್ ವಾದಕ ಜಿಮ್ ಲಿಲ್ ಅಂತೂ ಬಾಡಿ, ನೆಕ್ ಎರಡೂ ಇಲ್ಲದೆ ಎರಡು ಮೇಜುಗಳ ನಡುವೆ ತಂತಿ ಎಳೆದು ಕಟ್ಟಿ, ಪಿಕಪ್ ಇಟ್ಟು, ವಿಡಿಯೊ ಮಾಡಿ ತೋರಿಸಿದ. ಒಳ್ಳೆಯ ಗಿಟಾರಿನ ದನಿಗೂ ಅದಕ್ಕೂ ವ್ಯತ್ಯಾಸ ಹುಡುಕಬೇಕು.

ಈಗ ನೆಕ್. ಇಲ್ಲಿ ಕಾಲು ಇಂಚು ಕೂಡ ಲೆಕ್ಕಕ್ಕೆ ಬರುತ್ತದೆ. ಫೆಂಡರ್ ಮಾದರಿಯಲ್ಲಿ ತಂತಿಯ ನುಡಿಯುವ ಉದ್ದ ಸಾಮಾನ್ಯವಾಗಿ 25.5 ಇಂಚು, ಗಿಬ್ಸನ್ ಲೆಸ್ ಪಾಲ್ ಮಾದರಿಯಲ್ಲಿ 24.75. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದರೆ ಫೆಂಡರಿನಲ್ಲಿ ಬಿಗಿ ಸುಮಾರು ಶೇ 6ರಷ್ಟು ಜಾಸ್ತಿ. ತಂತಿ ಜಗ್ಗಿ ಗಮಕ ತೆಗೆಯುವ ಆಸೆಯಿದ್ದವರಿಗೆ, ಸಣ್ಣ ಕೈಯವರಿಗೆ ಗಿಬ್ಸನ್ ಅಳತೆ ಹಗುರ ಅನ್ನಿಸುತ್ತದೆ. ಫ್ರೆಟ್‌ಬೋರ್ಡಿನ ಉಬ್ಬನ್ನೂ ನೋಡಿ. ಹಳೆಯ ಫೆಂಡರುಗಳಲ್ಲಿ ಇದರ ತ್ರಿಜ್ಯ 7.25 ಇಂಚು, ಈಗಿನವುಗಳಲ್ಲಿ ಹೆಚ್ಚಾಗಿ 9.5, ಗಿಬ್ಸನ್‌ನಲ್ಲಿ 12. ಅಂಕಿ ಚಿಕ್ಕದಾದಷ್ಟೂ ಉಬ್ಬು ಹೆಚ್ಚು. ಕಾರ್ಡ್ ಹಿಡಿಯಲು ಅದು ಹಾಯಾಗಿರುತ್ತದೆ. ಆದರೆ ತಂತಿಯನ್ನು ತೀರಾ ಕೆಳಗಿಳಿಸಿ ಮೇಲಿನ ಫ್ರೆಟ್‌ಗಳಲ್ಲಿ ಜಗ್ಗಿದರೆ ಸ್ವರ ಕಟ್ಟಿಕೊಳ್ಳುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ: ಸಪೂರ ತಂತಿಯನ್ನು 12ರಿಂದ 15ನೇ ಫ್ರೆಟ್‌ವರೆಗೆ ಒಂದೊಂದಾಗಿ ಒತ್ತಿ, ಒಂದು ಪೂರ್ಣ ಸ್ವರದಷ್ಟು ಮೇಲಕ್ಕೆ ಜಗ್ಗಿ. ದನಿ ತಟ್ಟನೆ ನಿಂತರೆ ಸೆಟಪ್ ಆಗಬೇಕು ಅಥವಾ ಫ್ರೆಟ್ ಸಮವಿಲ್ಲ.

ನೆಕ್ ನೆಟ್ಟಗಿದೆಯೇ ಎಂದು ನೋಡಲು ಉಪಕರಣ ಬೇಡ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ 17ನೆಯದರಲ್ಲೂ ಒತ್ತಿ ಹಿಡಿದು, 8ನೇ ಫ್ರೆಟ್ ಮೇಲೆ ಎಷ್ಟು ಸಂದಿದೆ ನೋಡಿ. ಸುಮಾರು ಕಾಲು ಮಿಲಿಮೀಟರ್, ಅಂದರೆ ಜೆರಾಕ್ಸ್ ಹಾಳೆ ಎರಡು ಮೂರು ಸೇರಿಸಿದಷ್ಟು ಇದ್ದರೆ ಸರಿ. ಹೆಚ್ಚು ಕಡಿಮೆ ಇದ್ದರೆ ನೆಕ್ ಒಳಗಿನ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸಿ ಸರಿಮಾಡಬಹುದು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಆ ಗಿಟಾರ್ ಬೇಡ. ಕೊನೆಗೆ ನೆಕ್‌ನ ಅಂಚಿನುದ್ದಕ್ಕೂ ಬೆರಳು ಜಾರಿಸಿ. ರಾಯಚೂರು, ಕಲಬುರಗಿಯ ಬೇಸಿಗೆಯಂಥ ಒಣ ಹವೆಯಲ್ಲಿ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿ ಹೊರಚಾಚಿ ಕೈ ಗೀರುತ್ತದೆ. ಅರ ಹಾಕಿ ಸರಿಮಾಡಿಸುವ ಕೆಲಸ ಇದು, ದೊಡ್ಡ ದೋಷವಲ್ಲ. ಬೆಲೆ ಇಳಿಸಲು ಒಳ್ಳೆಯ ನೆಪ.

ಫಿನಿಶ್ ದನಿಗಿಂತ ಅಂಗೈಗೆ ಸಂಬಂಧಿಸಿದ್ದು. ಈಗಿನ ಬಹುಪಾಲು ಗಿಟಾರುಗಳಿಗೆ ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್ ಲೇಪನ: ಗಟ್ಟಿ, ವರ್ಷಗಟ್ಟಲೆ ಹೊಳೆಯುತ್ತದೆ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಗಿಬ್ಸನ್ ಇಂದಿಗೂ ಬಿಡದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳು. ಕಾಲಕ್ರಮೇಣ ಹಳದಿಯಾಗುತ್ತದೆ, ಬಿರುಕು ಬಿಡುತ್ತದೆ, ಕೆಲವು ಸ್ಟ್ಯಾಂಡುಗಳ ರಬ್ಬರ್ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ಹೆಚ್ಚು ಹಣ ಕೊಡುವವರಿದ್ದಾರೆ, ನಾನಂತೂ ಕೊಡೆ. ಕೈ ಬೆವರುವವರು ನೆಕ್ ಹಿಂಬದಿಯ ಹೊಳಪನ್ನು ಗಮನಿಸಬೇಕು: ಹೊಳಪಿನ ನೆಕ್‌ನಲ್ಲಿ ಹೆಬ್ಬೆರಳು ಅಂಟುತ್ತದೆ, ಸ್ಯಾಟಿನ್‌ನಲ್ಲಿ ಜಾರುತ್ತದೆ. ಪಾಲಿ ಲೇಪನದ ಹೊಳಪಿನ ನೆಕ್ಕನ್ನು ತೀರಾ ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ಮಂಕಾಗಿಸಿಕೊಳ್ಳಬಹುದು. ಸ್ಟೀಲ್ ವುಲ್ ಬಳಸಿದರೆ ಅದರ ಎಳೆಗಳು ಪಿಕಪ್‌ನ ಅಯಸ್ಕಾಂತಕ್ಕೆ ಮೆತ್ತಿಕೊಳ್ಳುತ್ತವೆ, ಪಿಕಪ್ ಮುಚ್ಚಿಡಿ.

ದನಿ ಬೇರೆ ಬೇಕೆಂದರೆ ಪಿಕಪ್ ನೋಡಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಸ್ಪಷ್ಟ, ಚುರುಕು. ಆದರೆ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಗಿಬ್ಸನ್‌ನ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಆ ಸದ್ದನ್ನು ಅಳಿಸಿದ. ಅದೇ ಹಂಬಕರ್, ದನಿ ದಪ್ಪ. ಆ ಗುಂಯ್‌ಗುಡುವಿಕೆ ಹೆಚ್ಚಿರುವ ಬಾಡಿಗೆ ಮನೆಯಲ್ಲಿ ಡಿಸ್ಟಾರ್ಷನ್ ಹಾಕಿ ನುಡಿಸುವವರಿಗೆ ಹಂಬಕರೇ ವಾಸಿ. ಸ್ಕ್ರೂ ತಿರುಗಿಸಿ ಪಿಕಪ್ಪನ್ನು ಒಂದು ಮಿಲಿಮೀಟರ್ ಏರಿಸಿ ಇಳಿಸಿ ಕೇಳಿ; ಮರದ ಮೇಲಿನ ವಾದ ಅರ್ಧ ಅಲ್ಲೇ ಮುಗಿಯುತ್ತದೆ.

ಮರದ ವಿಷಯದಲ್ಲಿ ನಮಗೆ ನೇರ ನಂಟಿರುವುದು ಫ್ರೆಟ್‌ಬೋರ್ಡಿನಲ್ಲಿ. ಇಂಡಿಯನ್ ರೋಸ್‌ವುಡ್ ಎಂದರೆ ಪಶ್ಚಿಮ ಘಟ್ಟದ ಬೀಟೆ. 2017ರಲ್ಲಿ ಅದರ ಕುಲದ ಎಲ್ಲ ಮರಗಳೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಾಗ ಕಂಪನಿಗಳು ಪರ್ಯಾಯ ಹುಡುಕಿದವು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಗ್ಗದ ಸ್ಕ್ವಯರ್ ಗಿಟಾರುಗಳಲ್ಲಿ ಕಾಣುವ ಇಂಡಿಯನ್ ಲಾರೆಲ್ ನಮ್ಮ ಮತ್ತಿ ಮರ. ಬೀಟೆ, ಮತ್ತಿ ಎರಡಕ್ಕೂ ಲ್ಯಾಕರ್ ಇರುವುದಿಲ್ಲ, ಬೆರಳಿಗೆ ಮರವೇ ಸಿಗುತ್ತದೆ. ಮೇಪಲ್ ಬೋರ್ಡಿಗೆ ಲ್ಯಾಕರ್ ಇರುವುದರಿಂದ ಸ್ಪರ್ಶ ಗಾಜಿನಷ್ಟು ನುಣುಪು.

ಖರೀದಿಯ ದಿನ ಕೂತು ನುಡಿಸಿದ ಮೇಲೆ ಸ್ಟ್ರಾಪ್ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿ. ಲೆಸ್ ಪಾಲ್ ನಾಲ್ಕು ಕಿಲೋ ದಾಟುವುದು ಮಾಮೂಲು, ಭುಜಕ್ಕೆ ಅದು ಗೊತ್ತಾಗುತ್ತದೆ. ಮೊದಲು ಆಂಪ್ ಇಲ್ಲದೆ, ಆಮೇಲೆ ನಿಮ್ಮ ಮನೆಯಲ್ಲಿರುವಂಥದೇ ಆಂಪ್‌ಗೆ ಹಾಕಿ ನುಡಿಸಿ. ಒಂದೇ ಬೆಲೆಯ ಎರಡರಲ್ಲಿ ಕೈ ಕೆಳಗಿಡಲು ಒಪ್ಪದ್ದನ್ನು ಕೊಳ್ಳಿ, ಮರದ ಹೆಸರಿಗೆ ಕೊಡಬೇಕಿದ್ದ ದುಡ್ಡಿನಲ್ಲಿ ಒಂದು ಒಳ್ಳೆಯ ಸೆಟಪ್ ಮತ್ತು ಹೊಸ ತಂತಿ ಹಾಕಿಸಿ.