ಬೆಳೆಯ ಕಾಣದ ಕಾವಲುಗಾರರು

ಸೃಷ್ಟಿಯಲ್ಲಿ ಯಾವ ಜೀವಿಯೂ ಅಂಕೆಯಿಲ್ಲದೆ ಬೆಳೆಯುವುದಿಲ್ಲ. ಕಡಲೆ, ತೊಗರಿ, ಹತ್ತಿಗಳನ್ನು ಕಾಡುವ ಕಾಯಿಕೊರಕದ ಒಂದು ಹೆಣ್ಣು ಪತಂಗವು ತನ್ನ ಅಲ್ಪಾಯುಷ್ಯದಲ್ಲಿಯೇ ನೂರಾರು ಮೊಟ್ಟೆಗಳನ್ನಿಡುತ್ತದೆ. ಅವೆಲ್ಲವೂ ಮರಿಯಾಗಿ, ಬೆಳೆದು, ಮತ್ತೆ ಮೊಟ್ಟೆಯಿಡುವಂತಾದರೆ ಕೆಲವೇ ತಲೆಮಾರುಗಳಲ್ಲಿ ಹೊಲದಲ್ಲಿ ಹಸಿರೆಂಬುದೇ ಉಳಿಯಲಾರದು. ಆದರೆ ಹಾಗಾಗುವುದಿಲ್ಲ. ಹವೆ ಮತ್ತು ಆಹಾರಗಳ ಮಿತಿಯೊಡನೆ, ಆ ಕೀಟವನ್ನೇ ತಿಂದು ಬದುಕುವ ಬೇರೆ ಜೀವಿಗಳೂ ಅದರ ಸಂಖ್ಯೆಯನ್ನು ತಡೆದು ನಿಲ್ಲಿಸುತ್ತವೆ. ಇವೇ ಕೀಟಗಳ ಸ್ವಾಭಾವಿಕ ಶತ್ರುಗಳು. ಇವುಗಳನ್ನು ಉಳಿಸಿ, ಬೆಳೆಸಿ, ಅಗತ್ಯವಿದ್ದೆಡೆ ತಂದು ಬಿಟ್ಟು ಪೀಡೆಯನ್ನು ಹತೋಟಿಯಲ್ಲಿಡುವ ಕ್ರಮಕ್ಕೆ ಜೈವಿಕ ನಿಯಂತ್ರಣವೆಂದು ಹೆಸರು.

ಈ ಶತ್ರುಗಳಲ್ಲಿ ಮುಖ್ಯವಾಗಿ ಮೂರು ವರ್ಗಗಳುಂಟು. ಮೊದಲನೆಯವು ಪರಭಕ್ಷಕಗಳು. ಇವು ಕೀಟಗಳನ್ನು ಹಿಡಿದು ತಿನ್ನುತ್ತವೆ. ಗುಲಗಂಜಿ ಹುಳು, ಜೇಡ, ಏರೋಪ್ಲೇನ್ ಚಿಟ್ಟೆ, ಕಪ್ಪೆ, ಹಕ್ಕಿಗಳು ಈ ವರ್ಗಕ್ಕೆ ಸೇರಿದವು. ಎರಡನೆಯವು ಪರತಂತ್ರ ಜೀವಿಗಳು. ಟ್ರೈಕೋಗ್ರಾಮ ಎಂಬ ಕಣಜವು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಪತಂಗದ ಮೊಟ್ಟೆಯನ್ನು ಹುಡುಕಿ, ಅದರೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಕಣಜದ ಮರಿಯು ಪತಂಗದ ಮೊಟ್ಟೆಯೊಳಗಿನ ಸಾರವನ್ನೆಲ್ಲ ತಿಂದು ಬೆಳೆಯುವುದರಿಂದ, ಹುಳು ಹೊರಬರಬೇಕಾದ ಮೊಟ್ಟೆಯಿಂದ ಕಣಜವೇ ಹೊರಬರುತ್ತದೆ. ಬೆಳೆಗೆ ಹಾನಿಯಾಗುವ ಮೊದಲೇ ಹಾನಿಯ ಮೂಲ ಅಳಿಯುತ್ತದೆ. ಮೂರನೆಯವು ಕೀಟಗಳಿಗೆ ರೋಗ ತರುವ ಸೂಕ್ಷ್ಮಜೀವಿಗಳು. ಹೊಲದಲ್ಲಿ ಕೆಲವೊಮ್ಮೆ ಹುಳುಗಳು ತಲೆಕೆಳಗಾಗಿ ಜೋತು ಸತ್ತಿರುವುದನ್ನು ಕಾಣಬಹುದು. ಅದು ಎನ್.ಪಿ.ವಿ. ಎಂಬ ನಂಜಾಣುವಿನ ಕೆಲಸ.

ಸ್ವಾಭಾವಿಕ ಶತ್ರುಗಳ ಬೆಲೆ ತಿಳಿಯಬೇಕಾದರೆ ಅವು ಇಲ್ಲದೆಡೆ ಏನಾಗುತ್ತದೆಂಬುದನ್ನು ನೋಡಬೇಕು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಕಿತ್ತಳೆ ತೋಟಗಳು ಇದಕ್ಕೆ ಉಜ್ವಲ ನಿದರ್ಶನವಾಗಿವೆ. ಆಸ್ಟ್ರೇಲಿಯದಿಂದ ಗಿಡಗಳೊಡನೆ ಬಂದ ಒಂದು ಶಲ್ಕಕೀಟವು ಅಲ್ಲಿನ ಮರಗಳ ರಸ ಹೀರಿ, 1880ರ ದಶಕದಲ್ಲಿ ತೋಟಗಳನ್ನೇ ನಾಶದ ಅಂಚಿಗೆ ತಂದಿತು. ಕೀಟ ಬಂದಿತ್ತು, ಅದನ್ನು ತಾಯ್ನಾಡಿನಲ್ಲಿ ಅಂಕೆಯಲ್ಲಿಟ್ಟಿದ್ದ ಶತ್ರು ಬಂದಿರಲಿಲ್ಲ. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟಶಾಸ್ತ್ರಜ್ಞನು ಆಸ್ಟ್ರೇಲಿಯಕ್ಕೆ ತೆರಳಿ, ವೆಡಾಲಿಯ ಎಂಬ ಗುಲಗಂಜಿ ಹುಳುವನ್ನು ಕಂಡುಹಿಡಿದು ಕಳುಹಿಸಿದನು. ಕೆಲವೇ ನೂರು ಹುಳುಗಳಿಂದ ಆರಂಭವಾದ ಈ ಕಾರ್ಯದಿಂದ ಎರಡು ವರ್ಷ ತುಂಬುವ ಮೊದಲೇ ಪೀಡೆ ಅಡಗಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. 1940ರ ದಶಕದ ಉತ್ತರಾರ್ಧದಲ್ಲಿ ಅದೇ ಪ್ರಾಂತದ ತೋಟಗಳಿಗೆ ಬೇರೆ ಕೀಟಗಳ ನಾಶಕ್ಕೆಂದು ಡಿ.ಡಿ.ಟಿ. ಸಿಂಪಡಿಸಲಾಯಿತು. ವಿಷಕ್ಕೆ ಮೊದಲು ಬಲಿಯಾದದ್ದು ವೆಡಾಲಿಯ. ಅರ್ಧ ಶತಮಾನಕ್ಕೂ ಮಿಗಿಲಾಗಿ ಅಡಗಿದ್ದ ಶಲ್ಕಕೀಟವು ಮತ್ತೆ ತಲೆಯೆತ್ತಿತು. ಸಿಂಪಡಣೆಯನ್ನು ಹಿಡಿತದಲ್ಲಿಟ್ಟು, ಗುಲಗಂಜಿ ಹುಳುವನ್ನು ಪುನಃ ತಂದು ಬಿಟ್ಟ ಮೇಲೆಯೇ ತೋಟಗಳು ಚೇತರಿಸಿಕೊಂಡವು. ಬೆಳೆಯನ್ನು ಕಾಯಲೆಂದು ಹೊರಟವರು ಕಾವಲುಗಾರನನ್ನೇ ಕೊಂದಿದ್ದರು.

ಭಾರತಕ್ಕೂ ಈ ವಿದ್ಯೆ ಹೊಸದಲ್ಲ. ಕಾಫಿಯ ಹಸಿರು ಶಲ್ಕಕೀಟದ ಹತೋಟಿಗಾಗಿ 1898ರಲ್ಲಿ ಆಸ್ಟ್ರೇಲಿಯ ಮೂಲದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ದಕ್ಷಿಣ ಭಾರತಕ್ಕೆ ತರಲಾಯಿತು. ಉದ್ದೇಶಿಸಿದ ಕೀಟದ ಮೇಲೆ ಅದು ಫಲ ಕೊಡಲಿಲ್ಲ. ಆದರೆ ನೆಲದಲ್ಲಿ ನೆಲೆಯೂರಿ, ಹಿಟ್ಟು ತಿಗಣೆಗಳ ಪ್ರಬಲ ವೈರಿಯಾಗಿ ಪರಿಣಮಿಸಿ, ಮುಂದೆ ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ತೋಟಗಳಿಗೆ ನೆರವಾಯಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆಯು ಪರಂಗಿ, ಹಿಪ್ಪುನೇರಳೆ ಬೆಳೆಗಾರರನ್ನು ಕಂಗೆಡಿಸಿದಾಗ, ಬೆಂಗಳೂರಿನ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಚಿಕ್ಕ ಕಣಜಗಳನ್ನು ತರಿಸಿ, ಬೆಳೆಸಿ, ಬಿಡುಗಡೆ ಮಾಡಿದರು. ಅವುಗಳಲ್ಲಿ ಅಸೆರೋಫೇಗಸ್ ಎಂಬುದು ತಿಗಣೆಯನ್ನು ಹತೋಟಿಗೆ ತಂದಿತು.

ಉತ್ತರ ಕರ್ನಾಟಕದ ಕಬ್ಬು ಬೆಳೆಗಾರರಿಗೆ 2002ರ ನೆನಪು ಮಾಸಿರಲಾರದು. ಆ ವರ್ಷ ಪಶ್ಚಿಮ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಬಿಳಿ ಉಣ್ಣೆ ಹೇನು ಕಬ್ಬಿನ ಎಲೆಗಳ ಅಡಿಯನ್ನೆಲ್ಲ ಬೆಳ್ಳಗೆ ಮುಚ್ಚಿತು. ಆಳೆತ್ತರವನ್ನು ಮೀರಿದ ದಟ್ಟ ಬೆಳೆಯಲ್ಲಿ ಔಷಧ ಸಿಂಪಡಿಸುವುದೇ ದುಸ್ತರವಾಗಿತ್ತು. ಆಗ ಹೇನಿನ ಗುಂಪುಗಳ ನಡುವೆಯೇ ಅದರ ವೈರಿಗಳು ಗೋಚರಿಸಿದವು. ಡೈಫಾ ಎಂಬ ಪತಂಗದ ಹುಳು, ಮೈಕ್ರೋಮಸ್ ಎಂಬ ಜಾಲರೆಕ್ಕೆಯ ಕೀಟದ ಮರಿ ಇವುಗಳೇ ಅವು. ಇವುಗಳನ್ನು ಬೆಳೆಸಿ, ಇಲ್ಲದ ಹೊಲಗಳಿಗೆ ಒಯ್ದು ಬಿಡಲಾಯಿತು. ಇವುಗಳ ಸಂಖ್ಯೆ ಹೆಚ್ಚಿದಂತೆ ಹೇನಿನ ಹಾವಳಿ ತಗ್ಗಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಡೈಫಾ ನೋಡಲು ಬೆಳೆ ತಿನ್ನುವ ಹುಳುವಿನಂತೆಯೇ ಇದೆ. ಕ್ರಿಪ್ಟೋಲೀಮಸ್‌ನ ಮರಿಯ ಮೈಮೇಲೆ ಮೇಣದ ಬಿಳಿ ಎಳೆಗಳಿದ್ದು, ಅದು ತಾನು ತಿನ್ನುವ ಹಿಟ್ಟು ತಿಗಣೆಯನ್ನೇ ಹೋಲುತ್ತದೆ. ಗುರುತು ಅರಿಯದವರು ಮಿತ್ರನನ್ನೇ ಶತ್ರುವೆಂದು ಬಗೆದು ಹೊಸಕಿಬಿಡುವರು. ರೈತರು ‘ಎಣ್ಣೆ’ಯೆಂದು ಕರೆಯುವ ಕೀಟನಾಶಕಕ್ಕಂತೂ ಈ ಭೇದವೇ ತಿಳಿಯದು. ಹಲವು ಕೀಟನಾಶಕಗಳು ಮಿತ್ರ, ಶತ್ರುಗಳಿಬ್ಬರನ್ನೂ ಕೊಲ್ಲುತ್ತವೆ. ಉಳಿದ ಪೀಡೆಗಳು ಬೆಳೆಯನ್ನೇ ತಿಂದು ಬೇಗನೆ ಹೆಚ್ಚಿಕೊಳ್ಳುತ್ತವೆ. ಅವನ್ನು ನಂಬಿ ಬದುಕುವ ಮಿತ್ರಕೀಟಗಳು ಚೇತರಿಸಿಕೊಳ್ಳಲು ಹೆಚ್ಚು ಕಾಲ ಹಿಡಿಯುತ್ತದೆ. ಎರಡನೆಯ ಸಿಂಪಡಣೆ, ಮೂರನೆಯ ಸಿಂಪಡಣೆ, ಅದರ ಹಿಂದೆಯೇ ಸಾಲ, ಇವು ಅನೇಕ ವೇಳೆ ಹೀಗೆ ಬೆಳೆಯುತ್ತ ಹೋಗುತ್ತವೆ.

ಜೈವಿಕ ನಿಯಂತ್ರಣಕ್ಕೂ ಮಿತಿಗಳಿವೆ. ಅದು ಒಂದೇ ದಿನದಲ್ಲಿ ಫಲ ಕೊಡುವುದಿಲ್ಲ, ಪೀಡೆಯನ್ನು ನಿರ್ಮೂಲ ಮಾಡುವುದೂ ಇಲ್ಲ. ಪೀಡೆ ಪೂರ್ತಿ ಅಳಿದರೆ ಅದನ್ನೇ ತಿಂದು ಬದುಕುವ ಮಿತ್ರನಿಗೂ ಆಹಾರವಿಲ್ಲದಂತಾಗುವುದರಿಂದ, ಬೆಳೆಗೆ ನಷ್ಟವಾಗದಷ್ಟು ಪೀಡೆ ಹೊಲದಲ್ಲಿರುವುದು ಸಹಜ. ಹೊಸ ಜೀವಿಯನ್ನು ಹೊರದೇಶದಿಂದ ತರುವಾಗ ಅದು ಬೇರೆ ಉಪಯುಕ್ತ ಜೀವಿಗಳಿಗೆ ಕೇಡು ಮಾಡದೆಂಬುದನ್ನು ಪರೀಕ್ಷಿಸಿಯೇ ಬಿಡಬೇಕಾಗುತ್ತದೆ. ಕೀಟನಾಶಕ ಅನಿವಾರ್ಯವಾದ ಸಂದರ್ಭಗಳೂ ಇಲ್ಲದಿಲ್ಲ. ಆಗಲೂ ಪೀಡೆಯಿರುವ ಭಾಗಕ್ಕಷ್ಟೇ, ಮಿತ್ರಕೀಟಗಳಿಗೆ ಕಡಿಮೆ ಹಾನಿಯಾಗುವಂಥದನ್ನು ಬಳಸುವುದು ವಿವೇಕ.

ಹೊಲದಲ್ಲಿ ಹಕ್ಕಿ ಕೂರಲು ಕವಲುಗೋಲು ನೆಡುವುದು, ಬದುಗಳಲ್ಲಿ ಹೂಬಿಡುವ ಗಿಡಗಳನ್ನು ಉಳಿಸುವುದು, ವಾರಕ್ಕೊಮ್ಮೆ ಎಲೆಗಳ ಅಡಿಯನ್ನು ತಿರುವಿ ನೋಡಿ ಶತ್ರು ಯಾರು, ಮಿತ್ರರು ಯಾರು ಎಂದು ಎಣಿಸುವುದು, ಇವಕ್ಕೆ ಹೆಚ್ಚು ಹಣ ಬೇಡ, ಕಣ್ಣು ಮತ್ತು ತಾಳ್ಮೆ ಬೇಕು. ಒಕ್ಕಲು ಮನೆತನಗಳಿಂದ ಬಂದ ವಿದ್ಯಾರ್ಥಿಗಳು ಗುಲಗಂಜಿ ಹುಳುವಿನ ಮರಿಯನ್ನು ಗುರುತಿಸಲು ಕಲಿತು ಮನೆಯ ಹಿರಿಯರಿಗೆ ತೋರಿಸಿಕೊಟ್ಟರೆ, ಒಂದು ವ್ಯರ್ಥ ಸಿಂಪಡಣೆಯಾದರೂ ತಪ್ಪೀತು. ಪಾಠಶಾಲೆಯ ವಿಜ್ಞಾನವು ಹೊಲವನ್ನು ಮುಟ್ಟುವುದು ಹೀಗೆ.